ಬಾಗಿಲ ಮೇಲಿನ ಆ ಸ್ಟಿಕ್ಕರ್ ಸಾಲದು: ಟೆಕ್ಸಾಸ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಡಾಲಸ್, ಹ್ಯೂಸ್ಟನ್, ಆಸ್ಟಿನ್, ಸ್ಯಾನ್ ಆಂಟೋನಿಯೊ ಸುತ್ತಮುತ್ತ ಅಂಗಡಿ, ಹೋಟೆಲು, ಗ್ಯಾಸ್ ಸ್ಟೇಷನ್ ನಡೆಸುತ್ತಿರುವ ಕನ್ನಡಿಗರಿಗೆ, ದೇವಸ್ಥಾನಗಳ ಟ್ರಸ್ಟಿಗಳಿಗೆ, ಕನ್ನಡ ಸಂಘಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ನಿಮ್ಮಲ್ಲಿ ಹಲವರ ಬಾಗಿಲ ಗಾಜಿನ ಮೇಲೆ ಅಂಗೈಯಗಲದ ಒಂದು ಸ್ಟಿಕ್ಕರ್ ಇದೆ. ಕೆಂಪು ವೃತ್ತ, ಒಳಗೆ ಕಪ್ಪು ಪಿಸ್ತೂಲು, ಅದರ ಮೇಲೊಂದು ಅಡ್ಡಗೆರೆ. ಅದನ್ನು ಅಂಟಿಸಿದ ದಿನದಿಂದ 'ನಮ್ಮಲ್ಲಿ ಗನ್ ತರುವ ಹಾಗಿಲ್ಲ' ಎಂಬ ನೆಮ್ಮದಿಯಲ್ಲಿದ್ದೀರಿ. ಲೈಸೆನ್ಸ್ ಇರುವ ಒಬ್ಬ ವ್ಯಕ್ತಿ ಅಂಗಿಯೊಳಗೆ ಪಿಸ್ತೂಲು ಸಿಕ್ಕಿಸಿಕೊಂಡು, ಆ ಸ್ಟಿಕ್ಕರನ್ನು ಕಣ್ಣಾರೆ ನೋಡಿಯೇ ಒಳಗೆ ಬಂದು, ಮಸಾಲೆ ದೋಸೆ ತಿಂದು, ಬಿಲ್ ಕೊಟ್ಟು ಹೋದರೂ ಟೆಕ್ಸಾಸ್ ಕಾನೂನಿನ ಪ್ರಕಾರ ಅವನು ಯಾವ ತಪ್ಪೂ ಮಾಡಿಲ್ಲ. ಲೈಸೆನ್ಸುದಾರನ ಮಟ್ಟಿಗೆ ಆ ಸ್ಟಿಕ್ಕರ್ ಬರೀ ಅಲಂಕಾರ.

ಗನ್ ಬೇಕೋ ಬೇಡವೋ ಎಂಬ ವಾದಕ್ಕೆ ಈ ಪತ್ರ ಇಳಿಯುವುದಿಲ್ಲ. ಜಾಗ ನಿಮ್ಮದು, ತೀರ್ಮಾನ ನಿಮ್ಮದು. ಬೇಡ ಎಂದು ತೀರ್ಮಾನಿಸಿದ್ದರೆ ಮಾತ್ರ ಆ 'ಬೇಡ'ಕ್ಕೆ ಕಾನೂನಿನ ಬಲ ಬರುವಂತೆ ಹೇಳಿ ಎನ್ನುವುದಷ್ಟೇ ನಮ್ಮ ಮಾತು. ಅರ್ಧಂಬರ್ಧ ಹೇಳುವುದಕ್ಕಿಂತ ಸುಮ್ಮನಿರುವುದೇ ಮೇಲು. ಅರ್ಧ ಹೇಳಿದವರು ಪೂರ್ತಿ ಹೇಳಿದ್ದೇವೆಂದು ನಂಬಿಕೊಂಡು ಕೂತಿರುತ್ತಾರೆ, ಅಪಾಯ ಇರುವುದು ಅಲ್ಲೇ.

ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಲೆನಾಡಿನ ತೋಟದ ಮನೆಯಲ್ಲೊಂದು ಕೋವಿ ಇದ್ದರೆ ಅದರ ಲೈಸೆನ್ಸು, ನವೀಕರಣ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀತಿ ತರುವುದು, ಎಲ್ಲವೂ ಸರ್ಕಾರಕ್ಕೂ ಕೋವಿಯವನಿಗೂ ನಡುವಿನ ವ್ಯವಹಾರ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗಿರುವ ವಿನಾಯಿತಿ ಕೂಡ ಸರ್ಕಾರ ಕೊಟ್ಟದ್ದೇ. ಅಲ್ಲಿ ಅಂಗಡಿಯವನನ್ನು ಕೇಳುವವರಿಲ್ಲ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ, ಬೇರೆ ಕಾನೂನಿನ ತಡೆ ಇಲ್ಲದ ಯಾರೇ ಆಗಲಿ ಲೈಸೆನ್ಸೇ ಇಲ್ಲದೆ ಪಿಸ್ತೂಲು ಒಯ್ಯಬಹುದು. ಖಾಸಗಿ ಜಾಗದಲ್ಲಿ 'ಇಲ್ಲಿಗೆ ತರಬೇಡ' ಎನ್ನಬೇಕಾದವರು ಜಾಗದ ಒಡೆಯರು. ಆದರೆ ಯಾವ ಪದಗಳಲ್ಲಿ, ಎಷ್ಟು ದೊಡ್ಡ ಅಕ್ಷರದಲ್ಲಿ, ಎಷ್ಟು ಭಾಷೆಯಲ್ಲಿ ಹೇಳಬೇಕು ಎಂಬುದನ್ನು ಶಾಸನಸಭೆ ಗೊತ್ತುಮಾಡಿಟ್ಟಿದೆ.

ಈ ಹಟಕ್ಕೆ ಒಂದು ಹಿನ್ನೆಲೆ ಇದೆ. 1996ರ ಆರಂಭದಿಂದ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಪಡೆದವರು ಬಟ್ಟೆಯೊಳಗೆ ಮರೆಮಾಡಿ ಪಿಸ್ತೂಲು ಒಯ್ಯಬಹುದಾಯಿತು. ಅಂಗಡಿಯವರು ತಮಗೆ ತೋಚಿದ ಬೋರ್ಡು ಹಾಕತೊಡಗಿದರು. ಒಂದು ಕಡೆ ಚಿತ್ರ, ಇನ್ನೊಂದು ಕಡೆ ಕೈಬರಹದ ಚೀಟಿ. ಬಾಗಿಲ ಮೂಲೆಯ ಪುಟ್ಟ ಸ್ಟಿಕ್ಕರ್ ಕಣ್ಣಿಗೆ ಬೀಳದ ಕಾರಣಕ್ಕೆ, ಹಿನ್ನೆಲೆ ತಪಾಸಣೆ ಮುಗಿಸಿ ಲೈಸೆನ್ಸ್ ಪಡೆದವನು ಅಪರಾಧಿಯಾಗುವುದು ಸರಿಯೇ ಎಂಬ ಪ್ರಶ್ನೆ ಬಂತು. 1997ರಲ್ಲಿ ದಂಡಸಂಹಿತೆಗೆ ಸೆಕ್ಷನ್ 30.06 ಸೇರಿತು. ಲೈಸೆನ್ಸುದಾರನನ್ನು ತಡೆಯಬೇಕೆಂದರೆ ಅವನು 'ನೋಡಲಿಲ್ಲ' ಎನ್ನಲಾಗದಷ್ಟು ದೊಡ್ಡದಾಗಿ, 'ಅರ್ಥವಾಗಲಿಲ್ಲ' ಎನ್ನಲಾಗದಷ್ಟು ಬಿಡಿಸಿ ಹೇಳಿ ಎನ್ನುವುದೇ ಅದರ ಸಾರ. ಇಲ್ಲಿನವರು ಅದನ್ನು 'ಥರ್ಟಿ ಓ ಸಿಕ್ಸ್ ಬೋರ್ಡ್' ಎಂದೇ ಕರೆಯುತ್ತಾರೆ.

ಈಗ ಅಂಥ ಬೋರ್ಡು ಒಂದಲ್ಲ, ಮೂರು. ಗೊಂದಲ ಹುಟ್ಟುವುದೇ ಇಲ್ಲಿ.

30.06 ತಡೆಯುವುದು ಲೈಸೆನ್ಸ್ ಇದ್ದು ಪಿಸ್ತೂಲನ್ನು ಮರೆಮಾಡಿ ತರುವವನನ್ನು. 30.07 ತಡೆಯುವುದು ಲೈಸೆನ್ಸ್ ಇದ್ದು ಎಲ್ಲರಿಗೂ ಕಾಣುವಂತೆ ಹೋಲ್‌ಸ್ಟರ್‌ನಲ್ಲಿ (ಪಿಸ್ತೂಲು ಸಿಕ್ಕಿಸುವ ಚೀಲದಲ್ಲಿ) ತರುವವನನ್ನು. 2016ರ ಜನವರಿ 1ರಂದು ತೆರೆದ ಪಿಸ್ತೂಲಿಗೆ ಅನುಮತಿ ಬಂದಾಗ ಇದೂ ಬಂತು. 30.05 ಮಾಮೂಲಿ ಅತಿಕ್ರಮ ಪ್ರವೇಶದ ಸೆಕ್ಷನ್. 2021ರಲ್ಲಿ ಲೈಸೆನ್ಸಿಲ್ಲದವರಿಗೂ ಅವಕಾಶ ಸಿಕ್ಕಾಗ ಅವರಿಗಾಗಿ ಇದರೊಳಗೊಂದು ಬೋರ್ಡಿನ ಪಠ್ಯ ಸೇರಿಸಿದರು. ಲೈಸೆನ್ಸ್ ಮತ್ತು ಪಿಸ್ತೂಲು ಎರಡೂ ಇರುವವನಿಗೆ 30.05ರಿಂದ ತಪ್ಪಿಸಿಕೊಳ್ಳಲು ಅದೇ ಸೆಕ್ಷನ್ನಿನಲ್ಲೇ ದಾರಿ ಇದೆ. ಹಾಗಾಗಿ ಬರೀ 30.05 ಹಾಕಿದರೆ ಲೈಸೆನ್ಸಿಲ್ಲದವನು ಹೊರಗೆ, ಲೈಸೆನ್ಸಿದ್ದವನು ಒಳಗೆ. ಬರೀ 30.06 ಮತ್ತು 30.07 ಹಾಕಿದರೆ ಇನ್ನೂ ವಿಚಿತ್ರ: ತರಬೇತಿ ಪಡೆದು, ಬೆರಳಚ್ಚು ಕೊಟ್ಟು, ಲೈಸೆನ್ಸ್ ತೆಗೆದುಕೊಂಡವನು ಹೊರಗೆ, ಅದ್ಯಾವುದನ್ನೂ ಮಾಡದವನಿಗೆ ಆ ಬೋರ್ಡುಗಳು ಸಂಬಂಧವೇ ಇಲ್ಲ. 2016ರ ಹೊತ್ತಿಗೆ ಎರಡು ಬೋರ್ಡು ಹಾಕಿ ಆಮೇಲೆ ಮುಟ್ಟದೆ ಬಿಟ್ಟವರು ಇವತ್ತು ಇದೇ ಸ್ಥಿತಿಯಲ್ಲಿದ್ದಾರೆ.

ರೈಫಲ್, ಶಾಟ್‌ಗನ್ ಬಗ್ಗೆ ಒಂದು ಮಾತು. 30.06 ಮತ್ತು 30.07 ಹೇಳುವುದು ಕೈಪಿಸ್ತೂಲಿನ ಬಗ್ಗೆ ಮಾತ್ರ. ಹೆಗಲಿಗೆ ರೈಫಲ್ ಹಾಕಿಕೊಂಡು ಬಂದವನನ್ನು ತಡೆಯುವುದು 30.05 ಒಂದೇ, ಅವನಿಗೆ ಲೈಸೆನ್ಸ್ ಇದ್ದರೂ ಸರಿಯೇ. ಪೂರ್ತಿ ನಿಷೇಧ ಬೇಕಿದ್ದರೆ ಮೂರೂ ಬೇಕು.

ಇನ್ನು ಬೋರ್ಡನ್ನೇ ಹತ್ತಿರದಿಂದ ನೋಡೋಣ.

30.06ರ ಇಂಗ್ಲಿಷ್ ಪಠ್ಯ 'ಪರ್ಸುಅಂಟ್ ಟು ಸೆಕ್ಷನ್ 30.06, ಪೀನಲ್ ಕೋಡ್' ಎಂದು ಶುರುವಾಗುತ್ತದೆ. ಒಟ್ಟು 36 ಪದ. ಸರ್ಕಾರಿ ಸಂಹಿತೆಯ 411ನೇ ಅಧ್ಯಾಯ, ಎಚ್ ಉಪಅಧ್ಯಾಯದಡಿ ಲೈಸೆನ್ಸ್ ಪಡೆದ ವ್ಯಕ್ತಿ ಮರೆಮಾಡಿದ ಪಿಸ್ತೂಲಿನೊಂದಿಗೆ ಈ ಆಸ್ತಿಯೊಳಗೆ ಬರುವಂತಿಲ್ಲ ಎನ್ನುವುದು ಅದರ ಅರ್ಥ. ಅರ್ಥ ಹೀಗೇ ಬರುವಂತೆ ನಿಮ್ಮ ಮಾತಿನಲ್ಲಿ ಬರೆದರೆ ಆಗುವುದಿಲ್ಲ. ಕಾನೂನಿನಲ್ಲಿರುವ ಪದಗಳೇ ಇರಬೇಕು. ಶಾಸನಸಭೆಯ ಅಧಿಕೃತ ಪಠ್ಯದಿಂದ ನಕಲು ಮಾಡಿ, ಟೈಪ್ ಮಾಡಲು ಹೋಗಬೇಡಿ. 30.05ರ ಪಠ್ಯ ಇದರ ಸರಿಯಾಗಿ ಅರ್ಧ, 18 ಪದ. ಅಲ್ಲಿ ಮಾತ್ರ 'ಅದೇ ಪದಗಳು ಅಥವಾ ಹೆಚ್ಚೂಕಡಿಮೆ ಅದೇ' ಎಂಬ ಸಡಿಲಿಕೆ ಇದೆ. ಇನ್ನೊಂದು ಎಳೆಯೂ ಇದೆ: ಒಳಬರುವವರ ಗಮನಕ್ಕೆ ಬರುವಂತೆ ಹಾಕಿದ ಯಾವುದೇ ಬೋರ್ಡನ್ನು ಈ ಸೆಕ್ಷನ್ ಮೊದಲಿನಿಂದಲೂ ಒಪ್ಪುತ್ತದೆ. ಹಾಗಾಗಿ ಅಡ್ಡಗೆರೆಯ ಸ್ಟಿಕ್ಕರ್ ಲೈಸೆನ್ಸಿಲ್ಲದವನ ಮೇಲಾದರೂ ನಡೆಯುತ್ತದೆ ಎಂದು ವಾದಿಸಬಹುದು. ವಾದಿಸಬಹುದು ಅಷ್ಟೇ. 18 ಪದ ಬರೆಸುವ ಖರ್ಚು ಉಳಿಸಲು ವಕೀಲರ ಜಾಣತನವನ್ನು ನೆಚ್ಚಿಕೊಳ್ಳುವುದು ಯಾವ ವ್ಯಾಪಾರ?

ಹಳೆಯ ಬೋರ್ಡು ಇದ್ದವರು ಒಂದು ಗುರುತು ನೋಡಿ. ಪಠ್ಯದ ಬ್ರ್ಯಾಕೆಟ್ಟಿನೊಳಗೆ 'ಕನ್ಸೀಲ್ಡ್ ಹ್ಯಾಂಡ್‌ಗನ್ ಲಾ' ಎಂದಿದ್ದರೆ ಅದು 2016ಕ್ಕೆ ಮುಂಚಿನದು. ಈಗಿನ ಪಠ್ಯದಲ್ಲಿ ಅದೇ ಜಾಗದಲ್ಲಿ 'ಹ್ಯಾಂಡ್‌ಗನ್ ಲೈಸೆನ್ಸಿಂಗ್ ಲಾ' ಇರಬೇಕು. ಪದಗಳು ಒಂದೇ ಇರಬೇಕು ಎನ್ನುವ ಕಾನೂನಿನ ಮುಂದೆ ಹಳೆಯ ಬೋರ್ಡಿನ ಬಲವೆಷ್ಟು ಎಂದು ನೀವೇ ಯೋಚಿಸಿ. ಬದಲಾಯಿಸಿಬಿಡಿ.

ಮೂರೂ ಬೋರ್ಡು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಕಾನೂನಿನಲ್ಲಿ ಸ್ಪ್ಯಾನಿಷ್ ಪಠ್ಯ ಅಚ್ಚಾಗಿಲ್ಲ, ಇಂಗ್ಲಿಷ್ ಮಾತ್ರ ಇದೆ. ಹಾಗಾಗಿ ಮೊಬೈಲಿನ ಅನುವಾದ ನಂಬಬೇಡಿ. ಸ್ಪ್ಯಾನಿಷ್ ಬಲ್ಲವರೊಬ್ಬರು ಕಾನೂನಿನ ಪದಗಳನ್ನು ಒಂದೊಂದಾಗಿ ಹೋಲಿಸಿ ನೋಡಿರಲಿ. ಸಂಘದ ಗೇಟಿನಲ್ಲಿ ಕನ್ನಡದಲ್ಲೂ ಹಾಕಿದರೆ ಚಂದ, ತಡೆಯುವವರು ಯಾರೂ ಇಲ್ಲ, ಕಾನೂನಿನಲ್ಲಿ ಮಾತ್ರ ಅದಕ್ಕೆ ಸೊನ್ನೆ ಅಂಕ.

ಅಕ್ಷರ ಕನಿಷ್ಠ ಒಂದು ಇಂಚು ಎತ್ತರದ ಬ್ಲಾಕ್ ಅಕ್ಷರವಾಗಿರಬೇಕು, ಹಿನ್ನೆಲೆಗೆ ಎದ್ದು ಕಾಣುವ ಬಣ್ಣದಲ್ಲಿರಬೇಕು. ಸ್ವಂತವಾಗಿ ಡಿಸೈನ್ ಮಾಡಿಸುವವರು ಎಡವುವುದು ಈ ಒಂದು ಇಂಚಿನಲ್ಲೇ. ಕಂಪ್ಯೂಟರಿನಲ್ಲಿ 72 ಪಾಯಿಂಟ್ ಎಂದರೆ ಒಂದು ಇಂಚು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಪಾಯಿಂಟ್ ಅಳೆಯುವುದು ಅಕ್ಷರದ ಮೇಲೆ ಕೆಳಗಿನ ಖಾಲಿ ಜಾಗವೂ ಸೇರಿದ ಎತ್ತರವನ್ನು. ಏರಿಯಲ್ ಫಾಂಟಿನಲ್ಲಿ 72 ಪಾಯಿಂಟಿನ ದೊಡ್ಡಕ್ಷರ ಅಳೆದರೆ ಮುಕ್ಕಾಲು ಇಂಚೂ ಬರುವುದಿಲ್ಲ, ಸುಮಾರು 0.72 ಇಂಚು. ನಿಜವಾದ ಒಂದು ಇಂಚಿಗೆ 101 ಪಾಯಿಂಟ್ ಬೇಕು. ಪ್ರಿಂಟರ್ 'ಪುಟಕ್ಕೆ ಹೊಂದಿಸು' ಎಂದುಕೊಂಡು ನೂರಕ್ಕೆ ಐದಾರು ಕುಗ್ಗಿಸುವುದೂ ಉಂಟು, ಆದ್ದರಿಂದ 110 ಇಟ್ಟುಕೊಳ್ಳಿ. ಎಲ್ಲವನ್ನೂ ದೊಡ್ಡಕ್ಷರದಲ್ಲೇ ಹೊಡೆಸಿ. ಸಣ್ಣಕ್ಷರ ಬೆರೆಸಿದರೆ 'ಎ', 'ಎನ್', 'ಓ' ಒಂದು ಇಂಚಿನ ಕೆಳಗಿಳಿದುಬಿಡುತ್ತವೆ, ಆಮೇಲೆ ಕೋರ್ಟಿನಲ್ಲಿ ಸ್ಕೇಲು ಹಿಡಿದು ಅಳೆಯುವವರಿಗೆ ಅದೇ ಸಾಕು. ಬೋರ್ಡು ಕೈಗೆ ಬಂದ ತಕ್ಷಣ ಮುದ್ರಿಸಿಕೊಟ್ಟವನ ಮುಂದೆಯೇ ಟೇಪು ಹಿಡಿದು ಅಳೆಯಿರಿ.

ಈ ಅಳತೆಯಲ್ಲಿ 30.06ರ ಎರಡು ಭಾಷೆಯ ಪಠ್ಯ ಹಿಡಿಯಲು ಸುಮಾರು 24 ಇಂಚು ಅಗಲ, 36 ಇಂಚು ಎತ್ತರದ ಫಲಕ ಬೇಕಾಗುತ್ತದೆ. 30.07ಕ್ಕೆ ಇನ್ನೂ ಅಷ್ಟು. ಒಂದು ಮಾಮೂಲಿ ಗಾಜಿನ ಬಾಗಿಲು ಇವೆರಡಕ್ಕೇ ತುಂಬಿಹೋಗುತ್ತದೆ, 30.05ಕ್ಕೆ ಪಕ್ಕದ ಗಾಜು ಹುಡುಕಬೇಕು. ಅಕ್ಷರದ ಅಗಲದ ಬಗ್ಗೆ ಕಾನೂನು ಏನೂ ಹೇಳುವುದಿಲ್ಲವಾದ್ದರಿಂದ ಇಕ್ಕಟ್ಟಾದ ಫಾಂಟ್ ಬಳಸಿ ಸ್ವಲ್ಪ ಜಾಗ ಉಳಿಸಬಹುದು. ಮೂರನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಮುದ್ರಿಸಬಹುದು. ಆದರೆ ಮೂರು ವಾಕ್ಯವನ್ನು ಬೆಸೆದು ಒಂದು ಮಾಡಬೇಡಿ. ಚಿಕ್ಕ ಹೋಟೆಲಿನವನ ಮುಖಮಂಟಪವನ್ನೆಲ್ಲ ದಂಡಸಂಹಿತೆಯೇ ನುಂಗುವ ಈ ಏರ್ಪಾಡು ನಮಗೂ ಹಿಡಿಸುವುದಿಲ್ಲ. ಒಂದೇ ವಾಕ್ಯದ ಒಂದೇ ಬೋರ್ಡಿಗೆ ಶಾಸಕರು ಒಪ್ಪಬೇಕಿತ್ತು. ಒಪ್ಪುವವರೆಗೆ ಇದೇ ಅಳತೆ.

ಎಲ್ಲಿ ಹಾಕಬೇಕು? 30.05 ಮತ್ತು 30.07 ಪ್ರತಿಯೊಂದು ಪ್ರವೇಶದ್ವಾರದಲ್ಲೂ ಇರಬೇಕು ಎಂದು ಕಾನೂನಿನಲ್ಲೇ ಇದೆ. 30.06ಕ್ಕೆ 'ಸಾರ್ವಜನಿಕರಿಗೆ ಸ್ಪಷ್ಟವಾಗಿ ಕಾಣುವಂತೆ' ಎಂದಷ್ಟೇ ಇದೆ. ಮೂರನ್ನೂ ಎಲ್ಲ ಬಾಗಿಲಿಗೂ ಹಾಕಿಬಿಟ್ಟರೆ ಈ ಸೂಕ್ಷ್ಮದ ತಲೆನೋವು ಇರುವುದಿಲ್ಲ. ಬಾಗಿಲು ಎಣಿಸುವಾಗ ಮರೆತುಹೋಗುವಂಥವು: ಪಾರ್ಕಿಂಗ್ ಕಡೆಯ ಹಿಂಬಾಗಿಲು, ಪಕ್ಕದ ಅಂಗಡಿಯಿಂದ ಒಳಗೇ ಇರುವ ದಾರಿ, ದೇವಸ್ಥಾನದಲ್ಲಿ ಚಪ್ಪಲಿ ಬಿಡುವ ಕಡೆಯ ಬಾಗಿಲು, ಊಟದ ಹಾಲಿಗೆ ಇರುವ ಬೇರೆ ಬಾಗಿಲು.

ಸರಿಯಾದ ಬೋರ್ಡು ಇದ್ದೂ ಕೆಲಸ ಕೆಡುವ ಬಗೆಗಳೂ ಹಲವು. ತಾನೇ ಜಾರುವ ಬಾಗಿಲಿನ ಮೇಲೆ ಅಂಟಿಸಿದರೆ, ಗಿರಾಕಿ ಹತ್ತಿರ ಬಂದ ಕೂಡಲೇ ಬಾಗಿಲು ಪಕ್ಕದ ಗಾಜಿನ ಹಿಂದೆ ಸರಿದು ಬೋರ್ಡೂ ಮಾಯ. ಸೆಕೆಗೆಂದು ಬಾಗಿಲನ್ನು ಗೋಡೆಗೆ ಒತ್ತಿ ತೆರೆದಿಟ್ಟರೂ ಅದೇ ಕತೆ. ಪಾರದರ್ಶಕ ಗಾಜಿಗೆ ಬಿಳಿ ವಿನೈಲ್ ಅಕ್ಷರ ಅಂಟಿಸಿದರೆ ರಾತ್ರಿ ಓದಬಹುದು, ಮಧ್ಯಾಹ್ನದ ಬಿಸಿಲಿನಲ್ಲಿ ಒಳಗಿನ ಬಿಳಿ ಗೋಡೆಯ ಜೊತೆ ಕರಗಿಹೋಗುತ್ತದೆ; ಹಿಂದೆ ಕಪ್ಪು ಹಾಳೆ ಬೇಕು. ಎಲ್ಲಕ್ಕಿಂತ ಸಾಮಾನ್ಯ ತಪ್ಪು ನಮ್ಮವರದ್ದೇ: ಸಂಗೀತ ಸಂಜೆಯ ಪೋಸ್ಟರು, ಬಾಡಿಗೆಗೆ ರೂಮಿದೆ ಎಂಬ ಚೀಟಿ, ಟಿಫಿನ್ ಸರ್ವಿಸ್ ಜಾಹೀರಾತು, ಎಲ್ಲವನ್ನೂ ಆ ಬೋರ್ಡಿನ ಮೇಲೆಯೇ ಅಂಟಿಸುವುದು. ಬೋರ್ಡು ಹಾಕಿದ ದಿನ ಪ್ರತಿ ಬಾಗಿಲಿನದ್ದೂ ಎರಡು ಫೋಟೊ ತೆಗೆದಿಡಿ. ಒಂದು ಹತ್ತಡಿ ದೂರದಿಂದ, ಇನ್ನೊಂದು ಅಕ್ಷರದ ಪಕ್ಕ ಟೇಪು ಹಿಡಿದು. ಫೋಟೊದಲ್ಲಿ ತಾರೀಕು ಇರಲಿ.

ಇಷ್ಟೆಲ್ಲ ಮಾಡಿದ ಮೇಲೆ ಬೋರ್ಡಿನ ತೂಕ ಎಷ್ಟು? ಕೇಳಿದರೆ ನಗು ಬರಬಹುದು. ಬೋರ್ಡು ದಾಟಿ ಬಂದದ್ದಕ್ಕೆ ಕ್ಲಾಸ್ ಸಿ ಅಪರಾಧ, ಗರಿಷ್ಠ 200 ಡಾಲರ್ ದಂಡ. ಹೆಚ್ಚೂಕಡಿಮೆ ಒಂದು ಟ್ರಾಫಿಕ್ ಟಿಕೆಟ್. ಆದರೆ ಒಳಗೆ ಬಂದ ಮೇಲೆ ನೀವು ಎದುರೆದುರೇ ಬಾಯಿಮಾತಿನಲ್ಲಿ 'ಹೊರಗೆ ಹೋಗಿ' ಎಂದು ಹೇಳಿ, ಅವನು ಹೋಗಲಿಲ್ಲ ಎಂದಿಟ್ಟುಕೊಳ್ಳಿ. ಅದು ಕ್ಲಾಸ್ ಎ: ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಲೈಸೆನ್ಸುದಾರ ನೀವು ಹೇಳಿದ ಕೂಡಲೇ ಹೊರಟುಹೋದರೆ 2019ರ ತಿದ್ದುಪಡಿಯ ಪ್ರಕಾರ ಅದೇ ಅವನಿಗೆ ರಕ್ಷಣೆ. ಅಂದರೆ ನಿಜವಾದ ಶಕ್ತಿ ಇರುವುದು ನಿಮ್ಮ ಬಾಯಲ್ಲಿ. ಬೋರ್ಡೇ ಇಲ್ಲದ ಜಾಗದಲ್ಲೂ ಬಾಯಿಮಾತಿನ ಸೂಚನೆ ನಡೆಯುತ್ತದೆ.

ಆ ಮಾತನ್ನು ಒಡೆಯರೇ ಹೇಳಬೇಕೆಂದಿಲ್ಲ. ಒಡೆಯರ ಪರವಾಗಿ ನಿಂತವರು ಎಂದು ನೋಡಿದವರಿಗೆ ಅನ್ನಿಸುವ ಯಾರಾದರೂ ಸಾಕು: ಕ್ಯಾಷಿಯರ್, ಮ್ಯಾನೇಜರ್, ಬ್ಯಾಡ್ಜ್ ಹಾಕಿದ ಸ್ವಯಂಸೇವಕ. ಹೇಳಬೇಕಾದ್ದು ಎರಡೇ ವಾಕ್ಯ, ಇಂಗ್ಲಿಷಿನಲ್ಲಿ, ದನಿ ಏರಿಸದೆ: ಸರ್, ಈ ಜಾಗದೊಳಗೆ ಗನ್ ತರುವಂತಿಲ್ಲ. ದಯವಿಟ್ಟು ಈಗಲೇ ಹೊರಗೆ ಹೋಗಿ. ಬೋರ್ಡು ಬಾಗಿಲಿಗಷ್ಟೇ ಹಾಕಿದ್ದರೆ 'ಕಾರಿನಲ್ಲಿಟ್ಟು ಬನ್ನಿ' ಎಂದು ಸೇರಿಸಿದರೆ ಗಿರಾಕಿಯೂ ಉಳಿಯುತ್ತಾನೆ. ಲೈಸೆನ್ಸ್ ತೋರಿಸಿ ಎಂದು ಕೇಳಬೇಡಿ, ಆ ಅಧಿಕಾರ ನಿಮಗಿಲ್ಲ. ಮುಟ್ಟಬೇಡಿ, ಅಡ್ಡ ನಿಲ್ಲಬೇಡಿ, ಸೆಕ್ಷನ್ ನಂಬರಿನ ಚರ್ಚೆಗೆ ಇಳಿಯಬೇಡಿ. 'ಸ್ವಲ್ಪ ನೋಡಿ ಸರ್, ನಮ್ಮಲ್ಲಿ ಹಾಗೆ ಇಷ್ಟಪಡುವುದಿಲ್ಲ' ಎಂಬ ನಮ್ಮ ಮೆದು ಮಾತು ಇಲ್ಲಿ ಕೆಲಸಕ್ಕೆ ಬಾರದು. ಅದು ಕೋರಿಕೆ, ಸೂಚನೆಯಲ್ಲ. ದೊಡ್ಡ ಕಂಪನಿಗಳು ಈ ವ್ಯತ್ಯಾಸವನ್ನು ಬೇಕೆಂದೇ ಬಳಸುತ್ತವೆ. 2019ರ ಆಗಸ್ಟ್ 3ರಂದು ಎಲ್ ಪಾಸೊದ ವಾಲ್‌ಮಾರ್ಟ್‌ನಲ್ಲಿ ನಡೆದ ಗುಂಡಿನ ದಾಳಿ 23 ಜನರನ್ನು ಬಲಿ ತೆಗೆದುಕೊಂಡಿತು. ಒಂದು ತಿಂಗಳ ಬಳಿಕ ಕಂಪನಿ, ಪಿಸ್ತೂಲನ್ನು ತೆರೆದು ತರಬೇಡಿ ಎಂದು ಗ್ರಾಹಕರಲ್ಲಿ ವಿನಂತಿ ಮಾಡಿತು. ವಿನಂತಿಗೆ ದಂಡವಿಲ್ಲ.

ಹೇಳಿದರೂ ಹೋಗದಿದ್ದರೆ ತುರ್ತು ಸಹಾಯದ ನಂಬರು 911ಕ್ಕೆ ಫೋನ್ ಮಾಡಿ. ಇಲ್ಲಿ ನಿಮ್ಮ ಪದಗಳ ಮೇಲೆ ಜೀವಗಳು ನಿಂತಿರುತ್ತವೆ. ಕಂಡದ್ದನ್ನಷ್ಟೇ ಹೇಳಿ: ಸೊಂಟದ ಹೋಲ್‌ಸ್ಟರ್‌ನಲ್ಲಿ ಪಿಸ್ತೂಲಿದೆ, ಕೈಯಲ್ಲಿಲ್ಲ, ಯಾರಿಗೂ ಗುರಿ ಇಟ್ಟಿಲ್ಲ, ಹೊರಗೆ ಹೋಗಿ ಎಂದು ಹೇಳಿದ್ದೇವೆ, ಹೋಗುತ್ತಿಲ್ಲ, ನೀಲಿ ಅಂಗಿ, ಬಾಗಿಲ ಪಕ್ಕದ ಟೇಬಲ್. 2014ರ ಆಗಸ್ಟ್‌ನಲ್ಲಿ ಒಹಾಯೊದ ಬೀವರ್‌ಕ್ರೀಕ್‌ನಲ್ಲಿ, ಅಂಗಡಿಯ ಕಪಾಟಿನಲ್ಲಿದ್ದ ಏರ್ ರೈಫಲನ್ನು ಕೈಗೆತ್ತಿಕೊಂಡು ಫೋನಿನಲ್ಲಿ ಮಾತಾಡುತ್ತ ಓಡಾಡುತ್ತಿದ್ದ ಯುವಕನೊಬ್ಬನ ಬಗ್ಗೆ, ಜನರತ್ತ ಬಂದೂಕು ತೋರಿಸುತ್ತಿದ್ದಾನೆ ಎಂದು ಯಾರೋ 911ಗೆ ಹೇಳಿದರು. ಬಂದ ಪೊಲೀಸರು ಕ್ಷಣದಲ್ಲೇ ಗುಂಡು ಹಾರಿಸಿದರು, ಅವನು ಸತ್ತ. ಅದು ಮಾರಾಟಕ್ಕಿಟ್ಟಿದ್ದ ಸರಕು.

ಕೆಲವು ಜಾಗಗಳಿಗೆ ಬೇರೆಯೇ ನಿಯಮ.

ಬಾರ್ ಇರುವ ಹೋಟೆಲಿನವರಿಗೆ: ಅಲ್ಲೇ ಕುಡಿಯುವ ಮದ್ಯದ ಮಾರಾಟದಿಂದಲೇ ಆದಾಯದ ನೂರಕ್ಕೆ 51ರಷ್ಟೋ ಹೆಚ್ಚೋ ಬರುವ ಜಾಗಕ್ಕೆ ಕೆಂಪು '51%' ಬೋರ್ಡು. ಅಲ್ಲಿ ಗನ್ ತಂದರೆ ಮೂರನೇ ದರ್ಜೆಯ ಫೆಲನಿ (ಗಂಭೀರ ಅಪರಾಧ), 2ರಿಂದ 10 ವರ್ಷ ಜೈಲು. ಆದರೆ ಆ ಬೋರ್ಡು ಚೆನ್ನಾಗಿದೆ ಎಂದು ಯಾರು ಬೇಕಾದರೂ ತಂದು ಹಾಕಿಕೊಳ್ಳುವಂತಿಲ್ಲ. ಬಿರಿಯಾನಿಯೇ ಮುಖ್ಯ ವ್ಯಾಪಾರ, ಬಿಯರ್ ಜೊತೆಗಷ್ಟೇ ಎನ್ನುವವರಿಗೆ ಮೇಲಿನ ಮೂರೇ ಗತಿ.

ದೇವಸ್ಥಾನಗಳಿಗೆ: ಪೂಜಾಸ್ಥಳ ಎಂದಮೇಲೆ ತಾನಾಗಿಯೇ ನಿಷೇಧ ಎಂದುಕೊಂಡಿರುವ ಟ್ರಸ್ಟಿಗಳು ಬಹಳ. ಹಾಗಿಲ್ಲ. 2019ರ ಸೆಪ್ಟೆಂಬರ್ 1ರಿಂದ ಚರ್ಚು, ದೇವಸ್ಥಾನ, ಮಸೀದಿ ಎಲ್ಲವೂ ಉಳಿದ ಖಾಸಗಿ ಆಸ್ತಿಯಂತೆಯೇ. ಬೋರ್ಡು ಹಾಕದಿದ್ದರೆ ಅನುಮತಿ ಕೊಟ್ಟಂತೆ. ಮಹಾದ್ವಾರದಲ್ಲಿ 24 ಇಂಚಿನ ಫಲಕ ಚೆನ್ನಾಗಿ ಕಾಣುವುದಿಲ್ಲ ಎಂಬ ಆಕ್ಷೇಪ ನಮಗೂ ಅರ್ಥವಾಗುತ್ತದೆ. ಒಳಬರುವವರೆಲ್ಲ ದಾಟಲೇಬೇಕಾದ ಜಾಗದಲ್ಲಿ, ಗೋಪುರದಿಂದ ಒಂದಿಷ್ಟು ಈಚೆಗೆ, ಪ್ರತ್ಯೇಕ ಕಂಬದ ಮೇಲೆ ನಿಲ್ಲಿಸಬಹುದು.

ಮೋಟೆಲ್ ಇರುವವರಿಗೆ: 2021ರಿಂದ, ಅತಿಥಿ ತನ್ನ ಕೋಣೆಯಲ್ಲಿ ಗನ್ ಇಟ್ಟುಕೊಳ್ಳುವುದನ್ನಾಗಲಿ, ಕಾರಿನಿಂದ ಕೋಣೆಗೆ ನೇರವಾಗಿ ಒಯ್ಯುವುದನ್ನಾಗಲಿ ತಡೆಯುವಂತಿಲ್ಲ. ಮರೆಮಾಡಿ ಅಥವಾ ಚೀಲದಲ್ಲಿಟ್ಟು ಒಯ್ಯಿರಿ ಎಂದು ನಿಯಮ ಮಾಡಬಹುದು.

ಕೆಲಸದವರ ವಿಷಯ: ಕಟ್ಟಡದೊಳಗೆ ತರಬೇಡಿ ಎಂದು ನೌಕರರಿಗೆ ಹೇಳಬಹುದು. ಪಾರ್ಕಿಂಗ್‌ನಲ್ಲಿ ಬೀಗ ಹಾಕಿದ ಅವರ ಸ್ವಂತ ಕಾರಿನಲ್ಲಿ ಕಾನೂನುಬದ್ಧ ಗನ್ ಇಟ್ಟರೆ, ಶಾಲೆಯಂಥ ಕೆಲವು ಜಾಗ ಬಿಟ್ಟರೆ, 2011ರಿಂದ ತಡೆಯುವಂತಿಲ್ಲ. ಇದಕ್ಕೆ ತಾಗಿದ ಇನ್ನೊಂದು ಮಾತು ಹೇಳಿಬಿಡಬೇಕು. ಎಚ್-1ಬಿಯಂಥ ವೀಸಾದಲ್ಲಿ ಬಂದವರು ಗನ್ ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿನಲ್ಲಿ ಅಪರಾಧ, ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ. 'ಟೆಕ್ಸಾಸ್‌ನಲ್ಲಿ ಎಲ್ಲರೂ ಇಟ್ಟುಕೊಳ್ಳಬಹುದಂತೆ' ಎಂಬ ಗೆಳೆಯರ ಮಾತು ಅಲ್ಲಿ ರಕ್ಷಣೆಗೆ ಬರುವುದಿಲ್ಲ. ಪೊಲೀಸರನ್ನು ಮಾತ್ರ ಈ ಯಾವ ಬೋರ್ಡಿನಿಂದಲೂ ತಡೆಯಲಾಗದು.

ಸಂಘಗಳಿಗೆ ಇರುವ ಪ್ರಶ್ನೆ ಎಲ್ಲಕ್ಕಿಂತ ತೊಡಕಿನದು, ಯಾಕೆಂದರೆ ಸಂಘಕ್ಕೆ ಸ್ವಂತ ಕಟ್ಟಡವೇ ಇರುವುದಿಲ್ಲ. ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದರೆ ಚಿಂತೆ ಕಡಿಮೆ. ಶಾಲಾ ಕಟ್ಟಡದೊಳಗೆ ಲೈಸೆನ್ಸುದಾರನಿಗೂ ಪಿಸ್ತೂಲು ನಿಷಿದ್ಧ, ಬೋರ್ಡು ಇರಲಿ ಬಿಡಲಿ. ಖಾಸಗಿ ಬ್ಯಾಂಕ್ವೆಟ್ ಹಾಲ್ ಆದರೆ ಮಾಲೀಕರ ಒಪ್ಪಿಗೆ ಕರಾರಿನಲ್ಲೇ ಇರಬೇಕು. ಕಷ್ಟ ಇರುವುದು ನಗರಸಭೆಯ ಸಮುದಾಯ ಭವನ, ಉದ್ಯಾನದ ಪೆವಿಲಿಯನ್‌ಗಳಲ್ಲಿ. ಸರ್ಕಾರದ ಒಡೆತನದ ಆಸ್ತಿಯಲ್ಲಿ ಲೈಸೆನ್ಸುದಾರನ ಮೇಲೆ 30.06, 30.07 ನಡೆಯುವುದಿಲ್ಲ, ಕಾನೂನಿನಲ್ಲೇ ನಿಷೇಧವಿರುವ ಜಾಗವಾಗಿದ್ದರೆ ಮಾತ್ರ ಬೇರೆ. ತಪ್ಪಾಗಿ ಬೋರ್ಡು ಹಾಕಿದ ಸ್ಥಳೀಯ ಸಂಸ್ಥೆಗೆ ಮೊದಲ ಸಲ ದಿನಕ್ಕೆ 1,000ದಿಂದ 1,500 ಡಾಲರ್, ಮತ್ತೆ ಮಾಡಿದರೆ 10,000ದಿಂದ 10,500 ಡಾಲರ್ ದಂಡ. ಭವನದ ಮ್ಯಾನೇಜರ್ ನಿಮ್ಮ ಬೋರ್ಡು ನೋಡಿ ಹೌಹಾರುವುದು ಈ ಕಾರಣಕ್ಕೆ.

ಹಾಗಾದರೆ ಸರ್ಕಾರಿ ಜಾಗ ಬಾಡಿಗೆ ಪಡೆದ ಖಾಸಗಿ ಸಂಸ್ಥೆ ನಿಷೇಧ ಹೇರಬಹುದೇ? 2024ರಲ್ಲಿ ಈ ಪ್ರಶ್ನೆ ಡಾಲಸ್‌ನಲ್ಲೇ ಎದ್ದಿತು. ಹಿಂದಿನ ವರ್ಷ ಅಲ್ಲಿನ ಟೆಕ್ಸಾಸ್ ಸ್ಟೇಟ್ ಫೇರ್ ಎಂಬ ಜಾತ್ರೆಯಲ್ಲಿ ಗುಂಡು ಹಾರಿ ಮೂವರು ಗಾಯಗೊಂಡಿದ್ದರು. ಜಾತ್ರೆ ನಡೆಸುವ ಖಾಸಗಿ ಸಂಸ್ಥೆ ಗನ್ ತರುವ ಲೈಸೆನ್ಸುದಾರರಿಗೂ ಬಾಗಿಲು ಮುಚ್ಚಿತು. ಜಾತ್ರೆ ನಡೆಯುವ ಫೇರ್ ಪಾರ್ಕ್ ನಗರದ ಆಸ್ತಿ ಎಂದು ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್ಟನ್ ಮೊಕದ್ದಮೆ ಹೂಡಿದರು. ಕೆಳಗಿನ ಕೋರ್ಟು, ಮೇಲ್ಮನವಿ ಕೋರ್ಟು, ಸೆಪ್ಟೆಂಬರ್ 26ರಂದು ಟೆಕ್ಸಾಸ್ ಸುಪ್ರೀಂ ಕೋರ್ಟು, ಮೂರೂ ತಡೆಯಾಜ್ಞೆ ಕೊಡಲಿಲ್ಲ, ಜಾತ್ರೆ ನಿಷೇಧದೊಂದಿಗೇ ನಡೆಯಿತು. ತಡೆಯಾಜ್ಞೆ ಸಿಗಲಿಲ್ಲ ಎಂದಮಾತ್ರಕ್ಕೆ ಪ್ರಶ್ನೆ ಇತ್ಯರ್ಥವಾಯಿತು ಎಂದಲ್ಲ. ಆ ಸಂಸ್ಥೆಗೆ ವಕೀಲರ ಪಡೆಯಿದೆ. ನಿಮ್ಮ ಸಂಘದ ಖಜಾನೆಯಲ್ಲಿ ಯುಗಾದಿ ಊಟದ ಉಳಿಕೆ ಇದೆ.

ಶಿಕಾಗೊದಿಂದ ಡಾಲಸ್ಸಿಗೆ ಬಂದವರು 'ಅಲ್ಲಿ ಸ್ಟಿಕ್ಕರ್ ಸಾಕಾಗುತ್ತಿತ್ತಲ್ಲ' ಎನ್ನುತ್ತಾರೆ. ನಿಜ. ಇಲಿನಾಯ್‌ನಲ್ಲಿ ರಾಜ್ಯ ಪೊಲೀಸರು ಗೊತ್ತುಮಾಡಿದ 4 ಇಂಚು, 6 ಇಂಚಿನ ಅಡ್ಡಗೆರೆಯ ಚಿತ್ರವೇ ಕಾನೂನು. ಫ್ಲಾರಿಡಾದಲ್ಲಿ ಬೋರ್ಡಿಗೆ ಅಂಥ ವಿಶೇಷ ಪಠ್ಯವಿಲ್ಲ, ಆದರೆ ಹೋಗು ಎಂದಮೇಲೂ ಗನ್ ಇಟ್ಟುಕೊಂಡು ನಿಂತರೆ ಫೆಲನಿ. ಹವಾಯಿ 2023ರಲ್ಲಿ ಇಡೀ ಲೆಕ್ಕವನ್ನೇ ತಿರುಗಿಸಿ, ಒಡೆಯರು ಬನ್ನಿ ಎನ್ನದ ಹೊರತು ತರುವಂತಿಲ್ಲ ಎಂದಿತು. ಆ ವ್ಯಾಜ್ಯ ಫೆಡರಲ್ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರಾಜ್ಯದ ಗಡಿ ದಾಟಿದರೆ ನಿಮ್ಮ ಬೋರ್ಡು ಹೊಸದಾಗಿ ಬರೆಸಬೇಕು ಎಂದೇ ಲೆಕ್ಕ. ಟೆಕ್ಸಾಸ್‌ನೊಳಗೂ ಶಾಸನಸಭೆಯ ಸಾಮಾನ್ಯ ಅಧಿವೇಶನ ಬೆಸ ವರ್ಷಗಳಲ್ಲಿ ನಡೆದು, ಬಹುಪಾಲು ಕಾನೂನು ಸೆಪ್ಟೆಂಬರ್ 1ರಿಂದ ಜಾರಿಯಾಗುತ್ತದೆ. ಬೆಸ ವರ್ಷದ ಗಣೇಶ ಹಬ್ಬದ ಹೊತ್ತಿಗೆ ಒಮ್ಮೆ ಬೋರ್ಡಿನ ಪಠ್ಯವನ್ನು ಕಾನೂನಿನ ಪಠ್ಯದ ಪಕ್ಕ ಹಿಡಿದು ನೋಡಿ. ವಕೀಲರೊಬ್ಬರಿಗೂ ತೋರಿಸಿ.

ರಾಜ್ಯೋತ್ಸವಕ್ಕೆ ಹಾಲ್ ಹುಡುಕುತ್ತಿರುವ ಸಮಿತಿಗಳಿಗೆ ನಮ್ಮ ಕೋರಿಕೆ ಇಷ್ಟು. ಮುಂಗಡ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ: ಕಟ್ಟಡ ಯಾರ ಹೆಸರಿನಲ್ಲಿದೆ, ಬಾಡಿಗೆಯ ಅವಧಿಯಲ್ಲಿ ಗನ್ ನಿಷೇಧಿಸುವ ಅಧಿಕಾರವನ್ನು ಬರಹದಲ್ಲಿ ಕೊಡುತ್ತೀರಾ, ಎಷ್ಟು ಬಾಗಿಲಿವೆ. ಖಾಸಗಿ ಹಾಲ್ ಆಗಿದ್ದರೆ ಕಾನೂನಿನ ಮೂರೂ ಪಠ್ಯವನ್ನು ಟಿಕೆಟ್ಟಿನ ಮೇಲೂ ಮುದ್ರಿಸಿ. ಕೈಗೆ ಕೊಟ್ಟ ಕಾರ್ಡು, ಕಾಗದವನ್ನೂ ಕಾನೂನು ಲಿಖಿತ ಸೂಚನೆ ಎಂದೇ ಎಣಿಸುತ್ತದೆ. ಅದಕ್ಕೆ ಒಂದು ಇಂಚಿನ ಅಕ್ಷರ ಬೇಕಿಲ್ಲ, ಪದಗಳು ಮಾತ್ರ ಅವೇ ಇರಬೇಕು. ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಲ್ಲಿಸುವ ಇಬ್ಬರಿಗೆ ಆ ಎರಡು ವಾಕ್ಯ ಬಾಯಿಪಾಠ ಮಾಡಿಸಿ. ಕಾರ್ಯಕ್ರಮ ಮುಗಿದ ಮೇಲೆ ಬೋರ್ಡುಗಳನ್ನು ಸುತ್ತಿ ತೆಗೆದಿಡಿ, ಮುಂದಿನ ವರ್ಷಕ್ಕೆ ಬೇಕಾಗುತ್ತವೆ.

ಇಂತಿ,
ನಿಮ್ಮ ಬಾಗಿಲ ಬೋರ್ಡು ಓದುತ್ತ ಬಂದಿರುವ ಕೆಲವರು